ಗಿಡ್ಡ ಕಾಲಿನ ಮೋಟಾರು, ಕೊಳೆತ ಬೆನ್ನಿನ ದೋಣಿ

ಎರಡು ವರ್ಷದ ಹಿಂದಿನ ಏಪ್ರಿಲ್ ತಿಂಗಳು. ಆಗಲೂ ಈಗಲೂ ನಾನು ಪುತ್ತೂರಿನ ಹೊರವಲಯದ ಒಂದು ಫೈಬರ್ ವರ್ಕ್‌ಶಾಪಿನ ಮಾಲಿಕ. ಅಲ್ಲಿಯ ಕೂಲಿಯವನೂ ನಾನೇ, ಕಸ ಗುಡಿಸುವವನೂ ನಾನೇ. ಒಡೆದ ಬಂಪರ್, ಬಿರುಕು ಬಿಟ್ಟ ನೀರಿನ ಟ್ಯಾಂಕ್, ಐಸ್‌ಕ್ರೀಮ್ ಅಂಗಡಿಯೆದುರು ನಿಲ್ಲಿಸುವ ಆಳೆತ್ತರದ ಕೋನ್, ಇಂಥವೇ ಕೆಲಸ. ಗಾಜಿನ ನಾರಿನ ಧೂಳು ಮೈಗೆ ಹತ್ತಿದರೆ ತುರಿಕೆ ಸೊಪ್ಪಿನಲ್ಲಿ ಹೊರಳಿದ ಹಾಗೆ. ರೆಸಿನ್ ಅಂಟಿನ ವಾಸನೆಗೆ ನಮ್ಮ ಮನೆಯ ನಾಯಿ ಕೂಡ ನನ್ನನ್ನು ಕಂಡರೆ ಮೊದಲು ಸೀನಿ, ಆಮೇಲೆ ಬಾಲ ಅಲ್ಲಾಡಿಸುತ್ತದೆ. ಬಿಡುವಿದ್ದಾಗ ಮದುವೆ ಮನೆಗಳಲ್ಲಿ ಮಿಮಿಕ್ರಿ ಮಾಡುತ್ತೇನೆ. ಜನ ನನ್ನನ್ನು ಗುರುತಿಸುವುದು ಅದರಿಂದಲೇ. ಹಾಗಾಗಿ ನಾನು ಎಷ್ಟು ಗಂಭೀರವಾಗಿ ಮಾತಾಡಿದರೂ ಎದುರಿನವರು ನಗಲಿಕ್ಕೆ ಕಾಯುತ್ತಿರುತ್ತಾರೆ.

ಕಡಬದ ಕಡೆಯ ಒಂದು ಹೊಳೆಬದಿಯ ಊರಿನಿಂದ ದೋಣಿ ಸಮಿತಿಯ ಅಧ್ಯಕ್ಷ ಜತ್ತಪ್ಪಣ್ಣ ಬಂದರು. ಪ್ರತಿ ಮಾತಿಗೂ ಮೊದಲು ಗಂಟಲು ಸರಿಮಾಡಿ, ಎದುರು ಮೈಕ್ ಇದೆಯೋ ಎಂಬಂತೆ ಗಲ್ಲ ಎತ್ತುವುದು ಅವರ ಕ್ರಮ. ಜೊತೆಗೆ ದೋಣಿ ನಡೆಸುವ ಯಮುನಕ್ಕ. ಆಚೆ ದಡದ ಮನೆಗಳ ಹಾಲಿನ ಕ್ಯಾನು, ಶಾಲೆಯ ಮಕ್ಕಳು, ಎಲ್ಲವೂ ಅವರ ದೋಣಿಯಲ್ಲೇ ಈಚೆಗೆ ಬರಬೇಕು. ಅವರ ಮಗಳೂ ಆ ಮಕ್ಕಳಲ್ಲಿ ಒಬ್ಬಳು. ಹಿಂದಿನ ಮಳೆಗಾಲದಲ್ಲಿ ಹುಟ್ಟು ಹಾಕಿದರೂ ಸೆಳವು ತಡೆಯದೆ, ದೋಣಿ ಮಕ್ಕಳ ಸಮೇತ ಕೆಳಗಿನ ಬಿದಿರ ಮೆಳೆಗೆ ಹೋಗಿ ಸಿಕ್ಕಿಕೊಂಡಿತ್ತಂತೆ.

"ದಾನಿಗಳು ಮೋಟಾರು ಕೊಟ್ಟಿದ್ದಾರೆ," ಎಂದು ಜತ್ತಪ್ಪಣ್ಣ ಗಂಟಲು ಸರಿಮಾಡಿದರು. "ಆದರೆ ಅದು ನೀರಿಗೆ ಮುಟ್ಟುದಿಲ್ಲ."

ನಾನೂ ಗಂಟಲು ಸರಿಮಾಡಿ ಗಲ್ಲ ಎತ್ತಿದೆ. "ಅಂದರೆ ಮೋಟಾರಿನ ಕಾಲು ಗಿಡ್ಡ."

ಯಮುನಕ್ಕ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಅಧ್ಯಕ್ಷರಿಗೆ ಗೊತ್ತಾಗಲಿಲ್ಲ.

ವಿಷಯ ಇಷ್ಟೆ. ಔಟ್‌ಬೋರ್ಡ್ ಮೋಟಾರನ್ನು ದೋಣಿಯ ಹಿಂಬದಿಯ ಗೋಡೆಗೆ ಸಿಕ್ಕಿಸುತ್ತಾರೆ. ಆ ಗೋಡೆಗೆ ಟ್ರಾನ್ಸಮ್ ಎಂದು ಹೆಸರು; ಒಳಗೆ ಮರದ ಹಲಗೆ, ಮೇಲೆ ಫೈಬರ್. ಇವರ ದೋಣಿಯ ಟ್ರಾನ್ಸಮ್ ಆ ಮೋಟಾರಿಗೆ ಐದು ಇಂಚು ಎತ್ತರವಾಗಿತ್ತು. ನೀರು ತಳ್ಳುವ ಫ್ಯಾನು ಮೇಲೆಯೇ ಉಳಿದು, ನೀರಿನ ಬದಲು ಗಾಳಿ ತಿಂದು ಸುಮ್ಮನೆ ಕಿರುಚುತ್ತಿತ್ತು. ದೋಣಿಯ ಬೆನ್ನಿಗೆ ಒಂದು ಫೈಬರ್ ಪೆಟ್ಟಿಗೆ ಬೋಲ್ಟ್ ಮಾಡಿ, ಮೋಟಾರನ್ನು ಅದರ ಮೇಲೆ ತಗ್ಗಿನಲ್ಲಿ ಕೂರಿಸಿದರೆ ಸಮಸ್ಯೆ ಮುಗಿಯಿತು. ಆ ಪೆಟ್ಟಿಗೆಯೇ ಬ್ರ್ಯಾಕೆಟ್.

ಅಳತೆಗಳನ್ನು ಅಧ್ಯಕ್ಷರು ವಾಟ್ಸ್ಯಾಪಿನಲ್ಲಿ ಕಳಿಸಿದರು. ಅಚ್ಚಿಗೆ ವ್ಯಾಕ್ಸ್ ಉಜ್ಜಿ, ಗಾಜಿನ ನಾರಿನ ಮ್ಯಾಟನ್ನು ರೆಸಿನ್ನಿನಲ್ಲಿ ನೆನೆಸಿ ಪದರದ ಮೇಲೆ ಪದರ ಹಾಕಿದೆ. ಪ್ರತಿ ಪದರಕ್ಕೂ ರೋಲರ್ ಒತ್ತಿ ಗುಳ್ಳೆ ಓಡಿಸಿದೆ. ಮೋಟಾರು ಕಚ್ಚುವ ಜಾಗಕ್ಕೆ ಒಳಗಿನಿಂದ ನೀರಿಗೆ ಕೊಳೆಯದ ಮರೈನ್ ಪ್ಲೈ ಹಲಗೆ ಕೊಟ್ಟೆ. ನನ್ನ ಕೈಯಿಂದ ಅಷ್ಟು ಚಂದದ ವಸ್ತು ಹುಟ್ಟಿದ್ದಕ್ಕೆ ನನಗೇ ಸಂಶಯ ಬಂದು, ಅದರ ಮೇಲೆ ಹತ್ತಿ ಕುಣಿದು ನೋಡಿದೆ. ಅದು ಅಲುಗಲಿಲ್ಲ.

ಜೋಡಿಸಲು ಹೋದ ದಿನ ದೋಣಿ ದಡದಲ್ಲಿ ಹೊಸ ನೀಲಿ ಪೇಂಟ್ ಬಳಿದುಕೊಂಡು ಮದುಮಗನ ಹಾಗೆ ಕೂತಿತ್ತು. ಮೋಟಾರು ದೋಣಿಯ ಉದ್ಘಾಟನೆಗೆ ಎರಡೇ ದಿನ ಉಳಿದಿತ್ತು. ಅತಿಥಿಗಳಿಗೆ ಹೇಳಿ ಆಗಿತ್ತು, ಬ್ಯಾನರಿನಲ್ಲಿ ಅಧ್ಯಕ್ಷರ ಮುಖ ದೋಣಿಗಿಂತ ದೊಡ್ಡದಿತ್ತು.

ಟ್ರಾನ್ಸಮ್ಮಿಗೆ ಮೊದಲ ತೂತು ಕೊರೆದೆ. ಡ್ರಿಲ್ ಬೆಣ್ಣೆಗೆ ಇಳಿದಂತೆ ಇಳಿಯಿತು. ಹೊರಗೆ ಎಳೆದದ್ದೇ ತಡ, ತೂತಿನಿಂದ ಕಪ್ಪು ನೀರು ನನ್ನ ಮುಂಗೈ ಮೇಲೆ ಹರಿಯಿತು. ಬಚ್ಚಲ ಹೊಂಡಕ್ಕೆ ಸತ್ತ ಏಡಿ ಹಾಕಿ ವಾರ ಮುಚ್ಚಿಟ್ಟರೆ ಎಂಥ ವಾಸನೆಯೋ ಅಂಥದ್ದು. ಬಿಟ್ಟಿನ ತುದಿಯಲ್ಲಿ ಲೋಳೆ ಲೋಳೆಯಾದ ಮರದ ನಾರು. ರೆಸಿನ್ ಕುಡಿದು ಬೆಳೆದ ನಾನೂ ಮುಖ ಆಚೆ ತಿರುಗಿಸಿದೆ.

"ಅದು ಆ ಒಂದು ಜಾಗದಲ್ಲಿ ಮಾತ್ರ," ಎಂದರು ಜತ್ತಪ್ಪಣ್ಣ, ಮೂಗು ಹಿಡಿದುಕೊಂಡೇ. "ನಾಲ್ಕು ಇಂಚು ಆಚೆ ಕೊರಿ ಮಾರಾಯ. ಮೇಲಿಂದ ಒಂದು ಕೋಟ್ ಫೈಬರ್ ಹಾಕು."

"ಒಳಗೆ ಕೊಳೆತಿದೆ ಅಣ್ಣ. ಮೇಲಿನ ಸಿಪ್ಪೆ ಮಾತ್ರ ಉಂಟು. ಸೆಳವಿನ ನಡುವೆ ಮೋಟಾರು ಎಳೆದರೆ ಇಡೀ ಬೆನ್ನೇ ಕಿತ್ತು ಬರ್ತದೆ."

"ನಿನ್ನ ಮಿಮಿಕ್ರಿ ಇಲ್ಲಿ ಬೇಡ."

ಬದುಕಿನಲ್ಲಿ ಒಮ್ಮೆ ಸ್ವಂತ ದನಿಯಲ್ಲಿ ಮಾತಾಡಿದ್ದೆ, ಅದನ್ನೂ ಮಿಮಿಕ್ರಿ ಅಂದುಬಿಟ್ಟರು. ಅಷ್ಟರಲ್ಲಿ, ವರ್ಕ್‌ಶಾಪಿಗೆ ಬಂದ ದಿನ ಯಮುನಕ್ಕ ಹೇಳಿದ್ದು ನೆನಪಾಯಿತು. ಹಲಸಿನ ಹಣ್ಣು ಬಡಿದು ನೋಡುವುದರಲ್ಲಿ ಜತ್ತಪ್ಪಣ್ಣ ಊರಿಗೇ ಹೆಸರು. ಯಾರ ಮರದಲ್ಲಿ ಹಲಸು ಬಲಿತರೂ ಕರೆ ಹೋಗುವುದು ಅವರಿಗೆ. ಒಂದು ಬೆರಳ ಗಂಟಿನ ಪೆಟ್ಟು, ತೀರ್ಪು: ಟಣ್ ಎಂದರೆ ಗಟ್ಟಿ ಕಾಯಿ, ದಬ್ ಎಂದರೆ ಒಳಗೆ ಮೆತ್ತಗೆ.

"ಆಯ್ತು," ಎಂದೆ. "ನಾನು ಹೇಳುದು ಬೇಡ. ನೀವೇ ಬಡಿದು ನೋಡಿ. ದೋಣಿ ಅಂತ ಎಣಿಸಬೇಡಿ, ಹಲಸು ಅಂತ ಎಣಿಸಿ."

ಸೇರಿದವರೆಲ್ಲ ನೋಡುತ್ತಿದ್ದರು. ಹೆಸರಿನ ಪ್ರಶ್ನೆ. ಅವರು ಬಗ್ಗಿ, ಕಿವಿ ಹತ್ತಿರ ತಂದು, ದೋಣಿಯ ಪಕ್ಕದ ಗೋಡೆಗೆ ಬಡಿದರು. ಟಣ್ ಟಣ್. "ಕಾಯಿ," ಎಂದರು ಠೀವಿಯಿಂದ. ಟ್ರಾನ್ಸಮ್ಮಿನ ಎಡಕ್ಕೆ ಬಡಿದರು. ದಬ್. ಬಲಕ್ಕೆ ಬಂದರು. ದಬ್. ನಡುವೆ, ಮೇಲೆ, ಕೆಳಗೆ, ಎಲ್ಲ ಕಡೆ ದಬ್ ದಬ್.

"ಇದು ಇಡೀ ಕೊಳೆತು ಹೋಗಿದೆ," ಎಂದುಬಿಟ್ಟರು. ಮಾತು ಹೊರಬಿದ್ದ ಮೇಲೆ ಎಲ್ಲಿದ್ದೇನೆ ಎಂದು ನೆನಪಾಗಿರಬೇಕು. ಈ ಸಲ ಗಂಟಲು ಸರಿಮಾಡಲಿಲ್ಲ.

ಗ್ರೈಂಡರಿನಿಂದ ಟ್ರಾನ್ಸಮ್ಮಿನ ಫೈಬರ್ ಚರ್ಮ ಸೀಳಿದೆ. ಒಳಗೆ ಇದ್ದದ್ದು ಮರೈನ್ ಪ್ಲೈ ಅಲ್ಲ, ಸ್ಲ್ಯಾಬ್ ಹಾಕುವಾಗ ಕೆಳಗೆ ಕಟ್ಟುವ ಸೆಂಟ್ರಿಂಗ್ ಹಲಗೆ. ಅದಕ್ಕೆ ಸಿಮೆಂಟು ಹಿಡಿದುಕೊಂಡೇ ಇತ್ತು. ತುಕ್ಕು ಮೊಳೆಗಳೂ ಇದ್ದವು, ಹುಳ ಮಿಜಿಗುಡುತ್ತಿತ್ತು. ಅದಕ್ಕೂ ಎರಡು ವರ್ಷ ಮೊದಲು ಇದೇ ಟ್ರಾನ್ಸಮ್ ರಿಪೇರಿ ಮಾಡಿಸಿದ್ದು ಅಧ್ಯಕ್ಷರ ಭಾವ. ಅದೇ ವರ್ಷ ಸಮಿತಿಯ ಸಭಾಭವನದ ಸ್ಲ್ಯಾಬ್ ಹಾಕಿಸಿದ್ದೂ ಅವರೇ. ಹುಳ ಕಂಡಾಗ ಬಂದ ಓಕರಿಕೆ ನೀರು ಕುಡಿದಾಗ ಹೋಯಿತು. ಆ ಹಲಗೆ ಕಂಡಾಗ ಬಂದದ್ದು ಈಗಲೂ ಇದೆ.

"ಕಾರ್ಯಕ್ರಮ ಎಂತ ಮಾಡುದು?" ಎಂದರು ಜತ್ತಪ್ಪಣ್ಣ ಕೊನೆಗೆ.

"ಕಾರ್ಯಕ್ರಮಕ್ಕೆ ಬರುವವರು ಆಚೆ ದಡಕ್ಕೆ ಹೋಗುದಿಲ್ಲ ಅಣ್ಣ," ಎಂದರು ಯಮುನಕ್ಕ. "ಮಕ್ಕಳು ಹೋಗುದು."

ಕಾರ್ಯಕ್ರಮ ನಡೆಯಿತು. ಬೆನ್ನು ಕಿತ್ತ ದೋಣಿಯನ್ನು ಟಾರ್ಪಾಲಿನಲ್ಲಿ ಮುಚ್ಚಿ, ನನ್ನ ಬ್ರ್ಯಾಕೆಟನ್ನು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂರಿಸಿ ಹಾರ ಹಾಕಿದರು. ಇದು ಎಂತದು ಎಂದು ತಿಳಿಯದ ಅತಿಥಿ ಅದಕ್ಕೆ ಕೈ ಮುಗಿದರು. ನಾನೂ ಮುಗಿದೆ.

ಆಮೇಲೆ ನಿಜವಾದ ಕೆಲಸ. ಕೊಳೆತದ್ದನ್ನು ಉಳಿಯಲ್ಲಿ ಕೆರೆದು ತೆಗೆದು, ಒಳಗನ್ನು ಬಿಸಿಲಿಗೆ ಒಣಗಿಸಿದೆ. ಎರಡು ಮರೈನ್ ಪ್ಲೈ ಅಂಟಿಸಿ, ರೆಸಿನ್ ಕುಡಿಸಿ, ಫೈಬರ್ ಹೊದಿಸಿದೆ. ಬೋಲ್ಟಿನ ತೂತುಗಳ ಒಳಮೈಗೂ ನೀರು ಹೊಗದಂತೆ ರೆಸಿನ್ ತುಂಬಿದೆ. ಜತ್ತಪ್ಪಣ್ಣ ದಿನವೂ ಬಂದು ಮೂಗು ಮುಚ್ಚಿ ನಿಲ್ಲುತ್ತಿದ್ದರು. ಭಾವನ ಹೆಸರು ಒಮ್ಮೆಯೂ ಎತ್ತಲಿಲ್ಲ, ಆದರೆ ಕೊಳೆತ ಹಲಗೆಯ ರಾಶಿಯನ್ನು ಬುಟ್ಟಿಯಲ್ಲಿ ಹೊತ್ತು ಹಾಕಿದ್ದು ಅವರೇ.

ಹೊಸದನ್ನು ಜೋಡಿಸುವ ಮೊದಲು, ಅದು ಯಾವುದರ ಮೇಲೆ ಕೂರಬೇಕೋ ಅದನ್ನು ಬಡಿದು ನೋಡಬೇಕು. ಈ ವೃತ್ತಿ ನನಗೆ ಕಲಿಸಿದ್ದು ಇಷ್ಟು. ಈಗ ಬಂಪರ್ ಬಂದರೂ ಬಡಿಯುತ್ತೇನೆ, ಬ್ಯಾನರಿನಲ್ಲಿ ದೊಡ್ಡ ಮುಖ ಕಂಡರೂ ಬಡಿಯಲು ಕೈ ಕಡಿಯುತ್ತದೆ.

ಜೂನಿನಲ್ಲಿ ಹೊಳೆ ಕೆಂಪಾಗಿ ತುಂಬಿದಾಗ ನೋಡಲು ಹೋಗಿದ್ದೆ. ಮಕ್ಕಳು ಹತ್ತಿ ಕೂತಿದ್ದರು. ಯಮುನಕ್ಕ ಮೋಟಾರಿನ ಹಗ್ಗ ಎಳೆಯುವ ಮೊದಲು ಬಗ್ಗಿ, ಟ್ರಾನ್ಸಮ್ಮಿಗೆ ಬೆರಳ ಗಂಟಿನಿಂದ ಎರಡು ಪೆಟ್ಟು ಬಡಿದು ಕಿವಿಗೊಟ್ಟರು.

"ಎಂತ ಹೇಳ್ತದೆ ಅಕ್ಕ?" ಎಂದೆ ದಡದಿಂದ.

"ಕಾಯಿ," ಎಂದು ಹಗ್ಗ ಎಳೆದರು.