ಬಿಸಿಯೂಟದಮ್ಮನ ಅರಮನೆ

ಅವರ ಬಲಗೈಯ ನಡುಬೆರಳಿನ ಗಂಟು ಉಳಿದ ಬೆರಳುಗಳದ್ದಕ್ಕಿಂತ ದಪ್ಪವಾಗಿತ್ತು, ತುಸು ಕಪ್ಪಾಗಿಯೂ ಇತ್ತು. ಯಾವುದನ್ನೇ ಆಗಲಿ ಆ ಗಂಟಿನಿಂದ ಎರಡು ಸಲ ಕುಟ್ಟಿ ನೋಡದೆ ಅವರು ನಂಬುತ್ತಿರಲಿಲ್ಲ. ತೆಂಗಿನಕಾಯಿ, ಹೊಸ ಪಾತ್ರೆ, ಗ್ಯಾಸ್ ಸಿಲಿಂಡರ್, ಎಲ್ಲವನ್ನೂ ಕುಟ್ಟುವರು. ಶಾಲೆಗೆ ಹೊಸ ಮೇಜು ಬಂದಾಗಲೂ ಕುಟ್ಟಿ, "ಇದು ಎಂತ ಮರ ಮಾಸ್ತರೆ, ಹಪ್ಪಳ!" ಎಂದಿದ್ದರು. ಆ ಮಳೆಗಾಲದಲ್ಲೇ ಮೇಜಿನ ಕಾಲು ಉಬ್ಬಿ ಪದರ ಬಿಟ್ಟಿತು.

ಹಳದೀಪುರದ ನಮ್ಮ ಶಾಲೆಯಲ್ಲಿ ಅವರು ಬಿಸಿಯೂಟ ಮಾಡುತ್ತಿದ್ದರು. ನಮಗೆಲ್ಲ ಅವರು ಬಿಸಿಯೂಟದಮ್ಮ. ಪ್ರತಿ ಚಳಿಗಾಲ ಏಳನೆಯ ತರಗತಿಯವರು ಮೈಸೂರಿಗೆ ಪ್ರವಾಸ ಹೊರಟಾಗ ಅಕ್ಕಿ, ಒಲೆ, ಪಾತ್ರೆಗಳ ಜೊತೆ ಅವರೂ ಬಸ್ಸು ಹತ್ತುತ್ತಿದ್ದರು. ಅರಮನೆಯ ಎದುರಿನ ಮೈದಾನದಲ್ಲಿ ಇಳಿದ ಮೇಲೆ ಮಕ್ಕಳೂ ಮಾಸ್ತರರೂ ಒಳಗೆ ಹೋಗುವರು. ಅವರು ಬಸ್ಸಿನ ನೆರಳಿನಲ್ಲಿ ಒಲೆ ಹಚ್ಚುವರು. ನಾವು ಹಸಿದು ಹೊರಬರುವ ಹೊತ್ತಿಗೆ ಅನ್ನ ಆಗಿರಬೇಕಿತ್ತು. ಹೀಗಾಗಿ ಅಷ್ಟೊಂದು ಸಲ ಮೈಸೂರಿಗೆ ಹೋದವರು ಅರಮನೆಯ ಗುಮ್ಮಟಗಳನ್ನು ಮಾತ್ರ ನೋಡಿದ್ದರು.

ಒಳಗಿನದನ್ನು ಮಕ್ಕಳ ಬಾಯಿಂದ ಕೇಳಿ ಮನಸ್ಸಿನಲ್ಲೇ ಕಟ್ಟಿಕೊಳ್ಳುತ್ತಿದ್ದರು. ಬಡಿಸುವಾಗ ಯಾರಾದರೂ "ಚಂದ ಇತ್ತು" ಎಂದರೆ ಸೌಟು ಅಲ್ಲೇ ನಿಲ್ಲುತ್ತಿತ್ತು.

"ಚಂದ ಅಂದ್ರೆ ನಂಗೆ ಎಂತ ಗೊತ್ತಾಗ್ತದೆ? ಬಾಗ್ಲು ಎಂತದ್ರದ್ದು? ಮಾಡು ಎಷ್ಟು ಎತ್ರ? ಅದು ಹೇಳು, ಆಮೇಲೆ ಸಾರು."

ನನ್ನ ಸರದಿ ಬಂದಾಗ ನಾನು ಕಲ್ಯಾಣ ಮಂಟಪದ ವಿಷಯ ಹೇಳಿದೆ. ಎಂಟು ಮೂಲೆಯ ಜಾಗ, ಮಾಡಿನ ಜಾಗದಲ್ಲಿ ನವಿಲುಗಳಿರುವ ಬಣ್ಣದ ಗಾಜಿನ ಚಾವಣಿ, ಸುತ್ತ ಹಸಿರುನೀಲಿ ಕಂಬಗಳು.

"ಕಂಬ ಎಂತದ್ರದ್ದು?"

"ಕಲ್ಲಿಂದು."

"ಮುಟ್ಟಿ ನೋಡ್ದ್ಯಾ?"

ಕಾವಲಿನವರಿಗೆ ಹೆದರಿ ನಾನು ಯಾವುದನ್ನೂ ಮುಟ್ಟಿರಲಿಲ್ಲ. ಆದರೂ ಹೌದೆಂದು ತಲೆಯಾಡಿಸಿದೆ.

"ಆತು," ಎಂದು ನನಗೆ ಒಂದು ಸೌಟು ಸಾರು ಹೆಚ್ಚು ಬಡಿಸಿದರು. "ಈ ವರ್ಷ ಸಮಾ ನೋಡ್ಕಂಡು ಬಂದವ್ಳು ಇವ್ಳೊಬ್ಳೆ."

ಆ ಮಾತಿನ ಹೆಮ್ಮೆಯಲ್ಲೇ ನಾನು ಮುಂದೆ ಇತಿಹಾಸ ಓದಿದೆನೇನೋ. ಎಂ.ಎ.ಗೆ ಬಂದಾಗ ಪುಸ್ತಕದಲ್ಲಿ ನಿಜ ಸಿಕ್ಕಿತು. ಅಲ್ಲಿದ್ದ ಹಳೆಯ ಅರಮನೆ ಮರದ್ದು. ಮದುವೆಯೊಂದರ ಸಮಯದಲ್ಲಿ ಬೆಂಕಿ ಬಿದ್ದು ಸುಟ್ಟುಹೋಯಿತು. ಹೊಸದನ್ನು ಬೆಂಕಿಯ ನೆನಪಿಟ್ಟುಕೊಂಡೇ ಕಟ್ಟಿದರು. ಮಂಟಪದ ಕಂಬಗಳು ಕಲ್ಲಿನವಲ್ಲ, ಹಡಗಿನಲ್ಲಿ ಬಂದ ಎರಕದ ಕಬ್ಬಿಣದವು. ರಜೆಗೆ ಊರಿಗೆ ಬಂದಾಗಲೆಲ್ಲ ಶಾಲೆಯ ಗೇಟಿನಲ್ಲಿ ಅವರು ಸಿಗುತ್ತಿದ್ದರು. ಪ್ರವಾಸ ಹೊರಟ ಮಕ್ಕಳಿಗೆ, "ಎಂಟು ಮೂಲೆ ಮಂಟಪದಲ್ಲಿ ಕಲ್ಲಿನ ಕಂಬ ಅದೆ, ನೋಡ್ಕಂಡು ಬನ್ನಿ," ಎಂದು ಅವರು ಹೇಳುವುದನ್ನು ಕೇಳಿಯೂ ನಾನು ಸುಮ್ಮನಿದ್ದೆ. ತಿದ್ದಬೇಕಾದರೆ ಅಂದು ಸುಳ್ಳು ಹೇಳಿದ್ದನ್ನು ಒಪ್ಪಿಕೊಳ್ಳಬೇಕಿತ್ತು.

ಅವರಿಗೆ ಅರವತ್ತು ತುಂಬುವ ವರ್ಷ, ಅವರ ಕೊನೆಯ ಪ್ರವಾಸಕ್ಕೆ, ಮಕ್ಕಳಿಗೆ ಅರಮನೆಯ ಇತಿಹಾಸ ಹೇಳಲೆಂದು ಹೆಡ್ ಮಾಸ್ತರರು ನನ್ನನ್ನೂ ಕರೆದರು. ಮೈದಾನದಲ್ಲಿ ಇಳಿದಾಗ, "ಅಮ್ಮಾ, ಈ ಸಲ ನೀವು ಒಳಗೆ ಹೋಗಿ. ಒಲೆ ನಾ ನೋಡ್ಕಳ್ತೆ, ಮಕ್ಕಳಿಗೆ ಇತಿಹಾಸ ಊಟ ಆದ್ಮೇಲೆ ಹೇಳ್ತೆ," ಎಂದೆ.

"ನೀನಾ? ಮನೆಲಿ ನಾಕು ಜನರ ಅನ್ನ ಅಲ್ಲ ತಂಗೀ ಇದು. ಐವತ್ತು ಹೊಟ್ಟೆ!"

"ಹೋಗಿ ಬನ್ನಿ, ಅನ್ನ ಕೆಟ್ರೆ ಬಾಳೆಹಣ್ಣು ತಿಂತೇವೆ," ಎಂದು ಮಾಸ್ತರರು ನಕ್ಕರು.

ಬಿಸಿಯೂಟದಮ್ಮ ಮುಖ ತೊಳೆದು, ಸೆರಗು ಸರಿಮಾಡಿ, ಚಪ್ಪಲಿಯನ್ನು ಬಸ್ಸಿನ ಹತ್ತಿರವೇ ಬಿಟ್ಟು ಹೊರಟರು. ಗೇಟು ದಾಟುವಷ್ಟರಲ್ಲಿ ಮೂರು ಸಲ ತಿರುಗಿ ಒಲೆಯನ್ನು ನೋಡಿದರು.

ಒಂದೂವರೆ ತಾಸಿನ ನಂತರ ವಾಪಸು ಬರುವಾಗ ದೂರದಿಂದಲೇ ಮೂಗು ಅರಳಿಸಿದರು. "ತಳ ಹಿಡ್ದದೆ!" ಓಡಿಬಂದು ಮೇಲಿನ ಅನ್ನವನ್ನು ಬೇರೆ ಪಾತ್ರೆಗೆ ತೆಗೆದರು. ಅದಾದ ಮೇಲೆಯೇ ನನ್ನತ್ತ ತಿರುಗಿ ಆ ದಪ್ಪ ಬೆರಳನ್ನು ಎತ್ತಿ ತೋರಿಸಿದರು.

"ಕಬ್ಬಿಣ. ಎರಡು ಸಲ ಕುಟ್ಟಿದೆ. ಅಲ್ಲಿನವ್ರು ಬೈದ್ರು, ಬೈಲಿ. ನೀ ಅವತ್ತು ಮುಟ್ಟಿರ್ಲಿಲ್ಲ, ಹೌದಾ?"

"ಇಲ್ಲ ಅಮ್ಮಾ. ಕಬ್ಬಿಣ ಅಂತ ಆಮೇಲೆ ಓದಿ ಗೊತ್ತಾಗಿತ್ತು. ನಿಮ್ಗೆ ಹೇಳ್ಲಿಲ್ಲ." ಸುಟ್ಟುಹೋದ ಹಳೆಯ ಅರಮನೆಯ ಕಥೆಯನ್ನೂ ಹೇಳಿದೆ.

ಅವರು ಸೌಟು ಹಿಡಿದುಕೊಂಡೇ ಕೇಳಿದರು. "ಬೆಂಕಿ ಕಂಡವ್ರು ಕಬ್ಬಿಣ ಹಾಕಿದ್ರು. ಅದು ಸಮ. ನಂಗೆ ಹೇಳೂಕೆ ನಿಂಗೆ ಎಂತ ಆಗಿತ್ತೇ? ಇಷ್ಟು ವರ್ಷ ನನ್ನ ಅರಮನೆಲಿ ಕಲ್ಲಿನ ಕಂಬ ನಿಲ್ಸಿಟ್ಟೆ ಅಲ್ಲೇ, ಮಾರಾಯ್ತಿ!"

ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ಮಕ್ಕಳು ಅನ್ನ ಸೀದ ವಾಸನೆ ಎಂದು ಮುಖ ಸಿಂಡರಿಸಿದಾಗ ಅವರು ನನ್ನ ಹೆಸರೆತ್ತಲಿಲ್ಲ. "ಹಳೇ ಅರಮನೆ ಸುಟ್ಟ ವಾಸ್ನೆ ಅದು. ತಿನ್ನಿ," ಎಂದು ಬಡಿಸುತ್ತ ಹೋದರು.

ಕಳೆದ ಮಳೆಗಾಲ ಅವರು ಹಾಸಿಗೆ ಹಿಡಿದಿದ್ದರು. ಬೆಂಗಳೂರಿನಲ್ಲಿದ್ದ ನಾನು ಆಗಷ್ಟೇ ಅಲ್ಲಿನ ಕೋಟೆಯ ಹತ್ತಿರದ ಮರದ ಬೇಸಿಗೆ ಅರಮನೆಯನ್ನು ನೋಡಿ ಬಂದಿದ್ದೆ. ಅವರನ್ನು ನೋಡಲು ಊರಿಗೆ ಹೋದಾಗ ಕಮಾನು, ಬಾಲ್ಕನಿ, ಮೆಟ್ಟಿಲು ಎಲ್ಲ ಹೇಳಿದೆ. ಕಣ್ಣು ಮುಚ್ಚಿಕೊಂಡೇ ಕೇಳಿದರು: "ಕಂಬ?"

"ಸಾಗುವಾನಿ ಅಂತ ಪುಸ್ತಕದಲ್ಲಿ ಬರ್ದದೆ. ನಾ ಮುಟ್ಟಿ ನೋಡ್ಲಿಲ್ಲ ಅಮ್ಮಾ."

ಮುಖದಲ್ಲಿ ನಗು ಬಂತು. "ಈಗ ಸಮಾ ಹೇಳ್ದೆ. ಮುಟ್ಟಿ ಬಾ. ಕಂಬ ಆಮೇಲೆ ನಿಲ್ಸ್ತೆ."

ಬೆಂಗಳೂರಿಗೆ ಮರಳಿದ ವಾರವೇ ಆ ಮರದ ಅರಮನೆಗೆ ಹೋದೆ. ಸುತ್ತ ಯಾರೂ ಇಲ್ಲದಾಗ ಕಂಬವೊಂದನ್ನು ಬೆರಳಿನ ಗಂಟಿನಿಂದ ಎರಡು ಸಲ ಮೆಲ್ಲಗೆ ಕುಟ್ಟಿದೆ. ಆಮೇಲೆ ಬಗ್ಗಿ ಬುಡವನ್ನೂ ಕುಟ್ಟಿದೆ. ಫೋನಿನಲ್ಲಿ ಹೇಳಬಹುದಿತ್ತು. ಎದುರಿಗೆ ಕುಳಿತೇ ಹೇಳೋಣವೆಂದು ತಡೆದೆ. ಊರಿನ ಬಸ್ಸು ಹತ್ತುವ ಮೊದಲೇ ಅವರು ತೀರಿಕೊಂಡ ಸುದ್ದಿ ಬಂತು.

ಮರದ್ದೇ, ಅಮ್ಮಾ. ಬುಡ ಮಾತ್ರ ಕಲ್ಲು. ಮುಟ್ಟಿ ನೋಡಿದೆ.