ಕೆಂಪು ತಲೆಯ ಗುಂಡುಸೂಜಿ

ರೇಸ್‌ಕೋರ್ಸಿನ ಮ್ಯೂಸಿಯಂ ಬಾಗಿಲು ದಾಟುವ ಹೊತ್ತಿಗೇ ದರ್ಜಿಯಮ್ಮ ಎರಡು ಸಲ ಸೆರಗಿನಿಂದ ಮುಖ ಒರೆಸಿಕೊಂಡಿದ್ದಳು. "ಯಾಕಮ್ಮ ಹೀಗೆ ಬೆವರ್ತೀಯ? ಓಡೋದು ಕುದುರೆ, ನೀನಲ್ಲ," ಎಂದು ಮಗಳು ನಕ್ಕಳು. ಪಾಪ, ಅವಳಿಗೇನು ಗೊತ್ತು.

ಇಪ್ಪತ್ತೆರಡು ವರ್ಷದ ಹಿಂದೆ ಇಲ್ಲಿನ ಜಾಕಿಗಳ ಬಣ್ಣದ ಅಂಗಿಗಳನ್ನೆಲ್ಲ ಹೊಲಿಯುತ್ತಿದ್ದವಳು ದರ್ಜಿಯಮ್ಮ. ಬಟ್ಟೆಯಲ್ಲಿ ಗುಂಡುಸೂಜಿ ಉಳಿದುಬಿಟ್ಟರೆ ಸವಾರನ ಗತಿಯೇನು ಎಂದು ಇಪ್ಪತ್ತು ಸೂಜಿಗಳ ತಲೆಗೂ ಕೆಂಪು ಉಗುರುಬಣ್ಣ ಹಚ್ಚಿ, ಸಂಜೆ ಎಣಿಸಿಯೇ ಡಬ್ಬಿ ಮುಚ್ಚುವಳು. ಅಂಥವಳ ಡಬ್ಬಿಯಲ್ಲಿ ಒಂದು ಸಂಜೆ ಹತ್ತೊಂಬತ್ತೇ ಇದ್ದವು. ಅದೇ ಮಧ್ಯಾಹ್ನ ಜಾಕಿಯೊಬ್ಬ ಮೆಷಿನ್ ಪಕ್ಕದಲ್ಲೇ ನಿಂತು, ಅವಸರ ಮಾಡಿ, ಹಳದಿ ಅಂಗಿಯ ತೋಳು ಸರಿಮಾಡಿಸಿಕೊಂಡು ಹೋಗಿದ್ದ. ಅಂದಿನ ಓಟದ ಕೊನೆಯ ತಿರುವಿನಲ್ಲಿ ಬಿದ್ದು ಸೊಂಟ ಮುರಿದುಕೊಂಡ. ಮತ್ತೆ ಕುದುರೆ ಹತ್ತಲಿಲ್ಲ.

ತೋಳಿನಲ್ಲಿ ಸೂಜಿ ಚುಚ್ಚಿತು, ಬೆಚ್ಚಿ ಲಗಾಮು ಬಿಟ್ಟ ಎಂದು ಅವಳೇ ತೀರ್ಮಾನಿಸಿಬಿಟ್ಟಳು. ಯಾರೂ ಕೇಳಲಿಲ್ಲ, ಇವಳೂ ಬಾಯಿಬಿಡಲಿಲ್ಲ. ಆ ಕೆಲಸಕ್ಕೇ ಕೈಮುಗಿದು ದಿಂಬಿನ ಚೀಲ ಹೊಲಿಯುತ್ತ ಕೂತಳು. ಜಾಕಿ ಒಮ್ಮೆ ಊರುಗೋಲು ಹಿಡಿದು ಮನೆಗೇ ಬಂದಾಗ ಅಡುಗೆಮನೆಯಲ್ಲಿ ಉಸಿರು ಬಿಗಿಹಿಡಿದು ನಿಂತು, "ಅಮ್ಮ ಇಲ್ಲ" ಎಂದು ಚಿಕ್ಕ ಮಗಳ ಕೈಲಿ ಹೇಳಿಸಿದ್ದಳು. ಅವನು ಹೋದ ಮೇಲೆ ಮಗಳು ಏನೋ ಹೇಳಬಂದರೆ, "ಅವನ ಮಾತು ಎತ್ತಲೇಬೇಡ!" ಎಂದು ಗದರಿದ್ದಳು. ಹೋದ ವರ್ಷ ಅವನು ತೀರಿಕೊಂಡ. ಅಂಗಿ ಮ್ಯೂಸಿಯಂ ಸೇರಿತೆಂದು ಪತ್ರಿಕೆಯಲ್ಲಿ ಓದಿದಾಗಿನಿಂದ ಇವಳಿಗೆ ಊಟ ಸೇರಿರಲಿಲ್ಲ.

ಗಾಜಿನ ಕಪಾಟಿನಲ್ಲಿ ಅಂಗಿ ಇತ್ತು, ಮಣ್ಣಿನ ಕಲೆ ಸಮೇತ. ಬಿದ್ದವನ ಮೈಯಿಂದ ಬೆನ್ನುದ್ದಕ್ಕೂ ಕತ್ತರಿಸಿ ತೆಗೆದಿದ್ದ ಅದನ್ನು ಯಾರೋ ಗೋಣಿಚೀಲದ ಹಾಗೆ ಹೊಲಿದಿದ್ದರು.

"ಇದು ನನ್ನ ಕೈಯ ಅಂಗಿ ಕಣಮ್ಮ. ಬೆನ್ನಿಗೆ ನಾಲ್ಕು ಹೊಲಿಗೆ ನೆಟ್ಟಗೆ ಹಾಕಿಕೊಡ್ಲಾ?" ಎಂದು ಮೇಲ್ವಿಚಾರಕಿಯನ್ನು ಕೇಳಿದಳು.

"ಅಯ್ಯೋ, ನೀವೇನಾ! ಬನ್ನಿ ಅಜ್ಜಿ," ಎಂದು ಆ ಹುಡುಗಿ ಬೀಗ ತೆಗೆದಳು.

ದರ್ಜಿಯಮ್ಮ ಎಡತೋಳಿನ ಹೊಲಿಗೆಯುದ್ದಕ್ಕೂ ಬೆರಳಾಡಿಸಿದಳು. ಇಲ್ಲ. ಬಲತೋಳಿನಲ್ಲೂ ಇಲ್ಲ. ಆದರೂ ಉದುರಿಹೋಗಿರಬಹುದಲ್ಲ. ಸುಮ್ಮನೆ ಕಾಲರ್ ಎತ್ತಿದಳು. ಒಳಗೆ ಮೇಲಿನ ಗುಂಡಿ ಕಿತ್ತುಹೋಗಿತ್ತು. ಆ ಜಾಗದಲ್ಲಿ ತುಕ್ಕು ಹಿಡಿದ ಗುಂಡುಸೂಜಿ, ತಲೆಯಲ್ಲಿ ಚೂರು ಕೆಂಪು. ಸಿಕ್ಕಿಸಿದ್ದು ಇವಳ ಕೈಯಲ್ಲ, ಅಡ್ಡಾದಿಡ್ಡಿಯಾಗಿತ್ತು. ಆದರೆ ಮೊನೆ ಮೈಗೆ ತಾಗದಂತೆ ಎರಡು ಪದರದ ನಡುವೆ ಜೋಪಾನವಾಗಿ ಅಡಗಿಸಿಟ್ಟಿತ್ತು.

ಅವಳು ಮಗಳ ಕಡೆ ತಿರುಗಿದಳು. "ಆವತ್ತು ಊರುಗೋಲು ಹಿಡ್ಕೊಂಡು ಬಂದಿದ್ನಲ್ಲ, ಅವನು ಏನಂದ?"

"ಆ ಮಾವನಾ?" ಮಗಳು ನೆನಪು ಮಾಡಿಕೊಂಡಳು. "'ಕೇಳದೆ ಒಂದು ಸೂಜಿ ತಗೊಂಡಿದ್ದೆ, ಅಮ್ಮನಿಗೆ ಹೇಳು ಪುಟ್ಟಿ' ಅಂದ. ನೀನು ಹೇಳೋಕೆ ಬಿಟ್ರೆ ತಾನೆ?"