ಸೊಂಟಮಟ್ಟದ ನೀರು

ಒಣಗಿದ ಎರಡು ತೆಂಗಿನಕಾಯಿಗಳ ಸಿಪ್ಪೆಯಿಂದ ಒಂದೊಂದು ಎಳೆ ಬಿಡಿಸಿ, ಒಂದಕ್ಕೊಂದು ಗಂಟು ಹಾಕಿ ಎದೆಯಡಿಗೆ ಕೊಟ್ಟುಕೊಂಡರೆ ಎಂಥ ಪುಕ್ಕಲನೂ ನೀರಿನ ಮೇಲೆ ತೇಲುತ್ತಾನೆ. ನಾನು ಹುಟ್ಟಿ ಬೆಳೆದ ಅವರ್ಸಾದಲ್ಲಿ ನನ್ನ ಅಣ್ಣಂದಿರಿಬ್ಬರೂ ಈಜು ಕಲಿತದ್ದು ಹೀಗೆಯೇ. ಅವರ ಟವೆಲು ಹಿಡಿದು ದಡದಲ್ಲಿ ನಿಲ್ಲುವ ಕೆಲಸ ನನ್ನದು. ತೇಲುತ್ತಾನೆ ಎಂದೆನಲ್ಲ, ಗಮನಿಸಿದಿರಾ? ತೇಲುತ್ತಾಳೆ ಎಂಬ ಮಾತು ನಮ್ಮ ಮನೆಯಲ್ಲಿ ಹುಟ್ಟಿಯೇ ಇರಲಿಲ್ಲ.

ನಾನು ಈಜು ಕಲಿತದ್ದು ಕಾರವಾರದಲ್ಲಿ ಶಿಕ್ಷಕಿಯಾಗಿದ್ದಾಗ, ನಲವತ್ತು ದಾಟಿದ ಮೇಲೆ. ನಿವೃತ್ತಳಾಗಿ ಅಂಕೋಲೆಯ ಕಡೆ, ಗಂಗಾವಳಿ ಹೊಳೆ ಕಡಲು ಸೇರುವಲ್ಲಿನ ಈ ಊರಿಗೆ ಬಂದು ನೆಲೆಸಿದವಳು ಈ ವರ್ಷ ಭಾನುವಾರ ಬೆಳಿಗ್ಗೆ ಹುಡುಗಿಯರಿಗೆ ಈಜು ಕಲಿಸತೊಡಗಿದೆ. ಕಾರಣವಿತ್ತು. ಎರಡು ವರ್ಷದ ಹಿಂದೆ, ಬಳಚು ಹೆಕ್ಕಲು ಹೊಳೆಗಿಳಿದ ನಮ್ಮೂರಿನ ಸಾವಿತ್ರಿ ಮರಳಿ ಬರಲಿಲ್ಲ. ಬಳಚೆಂದರೆ ಕೆಸರಿನಲ್ಲಿ ಹುದುಗಿರುವ ಚಿಪ್ಪುಮೀನು. ನೀರು ಇಳಿದ ಹೊತ್ತಿನಲ್ಲಿ ಹೆಂಗಸರು ಸೊಂಟದವರೆಗೆ ಹೊಳೆಯಲ್ಲಿ ನಿಂತು, ಕಾಲಿನಿಂದ ತಡವಿ ಅದನ್ನು ತೆಗೆಯುತ್ತಾರೆ. ಅಂದು ಕಡಲುಬ್ಬಿ ಭರತದ ನೀರು ಏರಿತು, ಕಾಲು ಜಾರಿತು, ದಡವಿದ್ದದ್ದು ಹತ್ತು ಮಾರು ದೂರದಲ್ಲಿ. ಬದುಕೆಲ್ಲ ನೀರಿನಲ್ಲೇ ನಿಂತವಳಿಗೆ ಆ ಹತ್ತು ಮಾರು ಈಜಲು ಬರುತ್ತಿರಲಿಲ್ಲ.

ಎಲ್ಲ ಕೇರಿಗಳಿಂದ ಸೇರಿ ಏಳು ಹುಡುಗಿಯರು ಬಂದರು. ಸಾವಿತ್ರಿಯ ತಂಗಿ ನಾಗವೇಣಿಯ ಮಗಳು ಪಲ್ಲವಿ ಎಲ್ಲರಿಗಿಂತ ಮುಂದೆ. ನಾಲ್ಕನೆಯ ಭಾನುವಾರ ಕಳೆಯುವಷ್ಟರಲ್ಲಿ ಪಂಚಾಯಿತಿಗೊಂದು ಮನವಿ ಹೋಯಿತು. ಕೆಳಗೆ ಮೂರು ರುಜು: ದೇವಸ್ಥಾನದ ಮೊಕ್ತೇಸರರದು, ಜಮಾತಿನ ಹಿರಿಯರದು, ಇಗರ್ಜಿಯ ಸಮಿತಿಯವರೊಬ್ಬರದು. ಮೈಕಿನ ಸದ್ದಿಗೆ, ಮೆರವಣಿಗೆಯ ದಾರಿಗೆ ವರ್ಷಗಟ್ಟಲೆ ಹಾವು ಮುಂಗುಸಿಯಂತೆ ಕಚ್ಚಾಡಿದವರು ಒಂದೇ ಹಾಳೆಯ ಮೇಲೆ ಹೆಗಲಿಗೆ ಹೆಗಲು ಕೊಟ್ಟು ಕೂತಿದ್ದರು. ‘ಹೆಣ್ಣುಮಕ್ಕಳು ಹೊಳೆಯಲ್ಲಿ ಈಜುವುದು ನಮ್ಮ ಧರ್ಮಕ್ಕೆ ವಿರುದ್ಧವಾಗಿದ್ದು’ ಎಂದು ಶುರುವಾಗಿತ್ತು ಒಕ್ಕಣೆ. ಆ ಏಕವಚನವನ್ನು ನೋಡಿ! ಧರ್ಮಗಳಿಗೆ ಅಲ್ಲ, ಧರ್ಮಕ್ಕೆ. ಮೂವರಿಗೂ ಸೇರಿ ಒಂದೇ ಧರ್ಮವಿದೆಯೆಂದು ನನಗೆ ಇಷ್ಟು ದಿನ ಗೊತ್ತಿರಲಿಲ್ಲ. ವ್ಯಾಕರಣದ ತಪ್ಪಲ್ಲ ಅದು, ಬಾಯಿತಪ್ಪಿ ಬಂದ ನಿಜ. ಆ ಧರ್ಮದ ಹೆಸರು ಹೆದರಿಕೆ.

ಮೂವರೂ ನಮ್ಮ ಜಗಲಿಗೇ ಬಂದರು.

“ಅಕ್ಕೋರೇ, ಇವತ್ತು ಈಜು ಅಂತ್ರಿ, ನಾಳೆ ಮತ್ತೊಂದು ಅಂತ್ರಿ. ಹಗ್ಗ ಒಂದ್ಸಲ ಸಡ್ಲ ಬಿಟ್ರೆ ಮುಗೀತು,” ಎಂದರು ಮೊಕ್ತೇಸರರು.

“ಹೌದ್ರಾ, ನಮ್ಮಲ್ಲೂ ಹಂಗೇಯಾ,” ಎಂದರು ಜಮಾತಿನ ಹಿರಿಯರು.

“ಒದ್ದೆ ಬಟ್ಟೇಲಿ ಹುಡ್ಗೀರು! ನೋಡ್ದವ್ರು ಏನಂದಾರು?” ಎಂದರು ಇಗರ್ಜಿಯವರು.

ಬಳಚು ಹೆಕ್ಕುವವರ ಸೀರೆ ಒಣಗಿರುತ್ತದೆಯೇ ಎಂದು ಕೇಳಿದೆ. “ಅದು ಹೊಟ್ಟೆಪಾಡಲ್ರಾ, ಅದು ಬೇರೆ,” ಎಂದರು ಮೊಕ್ತೇಸರರು.

ನನಗೆ ಸಿಟ್ಟು ನೆತ್ತಿಗೇರಿತು, ಬರೆಯುವಾಗಲೂ ಇಳಿದಿಲ್ಲ. ನಾನೇನು ದೇವರನ್ನು ಬಿಟ್ಟವಳಲ್ಲ, ಹೊಳೆದಂಡೆಯ ಮಂಜಗುಣಿಯ ದೇವರಿಗೆ ಕೈಮುಗಿಯದೆ ಹೊಳೆ ದಾಟಿದವಳಲ್ಲ. ಆದರೆ ಸಾವಿತ್ರಿಯ ಹೆಣ ದಡಕ್ಕೆ ಬಂದ ದಿನ ಇದೇ ಮೂವರೂ ಬಂದಿದ್ದರು. ಒಬ್ಬರು ಹಣೆಬರಹ ಎಂದರು, ಇನ್ನೊಬ್ಬರು ಅಲ್ಲಾಹನ ಮರ್ಜಿ ಎಂದರು, ಮತ್ತೊಬ್ಬರು ದೇವರ ಚಿತ್ತ ಎಂದರು. ಮುಳುಗಿದರೆ ದೇವರ ಚಿತ್ತ, ತೇಲಿದರೆ ದೇವರಿಗೆ ವಿರುದ್ಧ! ಇಂಥ ದೇವರನ್ನು ಯಾವ ಗರ್ಭಗುಡಿಯಲ್ಲೂ, ಯಾವ ಮಸೀದಿಯಲ್ಲೂ, ಯಾವ ಶಿಲುಬೆಯ ಕೆಳಗೂ ನಾನು ಕಂಡಿಲ್ಲ. ಹೊಳೆಯ ಮೀನು ಕಡಿಮೆಯಾಯಿತು, ಹೆದ್ದಾರಿ ಅಂಗಳಕ್ಕೆ ಬಂತು, ಗಂಡುಮಕ್ಕಳು ಮೊಬೈಲಿನೊಳಗೆ ಹೊಕ್ಕು ಕೂತರು. ಇದರಲ್ಲಿ ಒಂದನ್ನೂ ತಡೆಯಲಾಗದ ಹಿರಿಯರ ಕೈಗೆ ಸುಲಭವಾಗಿ ಸಿಗುವುದು ಹನ್ನೊಂದು ವರ್ಷದ ಹುಡುಗಿಯ ಜಡೆ. ಅದನ್ನು ಹಿಡಿದೆಳೆದು, ಊರು ಇನ್ನೂ ನಮ್ಮ ಮುಷ್ಟಿಯಲ್ಲೇ ಇದೆ ಎಂದುಕೊಳ್ಳುತ್ತಾರೆ.

ಕಳೆದ ಭಾನುವಾರ ಹೊಳೆಗೆ ಹೋದರೆ ಒಬ್ಬ ಹುಡುಗಿಯೂ ಇರಲಿಲ್ಲ. ನಾಗವೇಣಿ ಒಬ್ಬಳೇ ಸೀರೆ ಎತ್ತಿ ಕಟ್ಟಿ ನಿಂತಿದ್ದಳು.

“ಪಲ್ಲವಿನ ಅವಳ ಅಪ್ಪ ಬಿಡ್ಲಿಲ್ರಾ, ಅಕ್ಕೋರೇ. ನಂಗೇ ಕಲ್ಸಿ. ಮೂವತ್ ವರ್ಷ ಆಯ್ತು ಈ ಹೊಳೇಲಿ ಬಳಚು ಹೆಕ್ಕೂಕೆ ಹತ್ತಿ, ಒಂದ್ ದಿವ್ಸಾನೂ ಕಾಲು ನೆಲ ಬಿಟ್ಟದ್ದಿಲ್ಲ. ನೀವು ಸುರು ಮಾಡ್ದಾಗ್ಲೇ ಕೇಳ್ವಾ ಅಂತಿದ್ದೆ. ಶಾಲೆ ಗೋಡೆಗೆ ಹಚ್ಚಿದ ಚೀಟೀಲಿ ಹನ್ನೆರಡ್ರ ಒಳಗಿನ ಹುಡ್ಗೀರಿಗೆ ಮಾತ್ರ ಅಂತ ಇತ್ತಲ್ರಾ. ಸುಮ್ನಾದೆ.”

ಆ ಚೀಟಿ ಬರೆದವಳು ನಾನು. ದೊಡ್ಡ ಹೆಂಗಸರನ್ನು ನೀರಿಗಿಳಿಸಿದರೆ ಊರು ಏನೆಂದೀತೋ ಎಂದು ಹೆದರಿ, ಯಾರೂ ಮನವಿ ಕೊಡುವ ಮೊದಲೇ, ದುಂಡಗಿನ ಅಕ್ಷರದಲ್ಲಿ ಬರೆದು ಹಚ್ಚಿದ್ದೆ. ಮೂವರ ಮೇಲೆ ಹಾರಾಡಿದವಳು ಅವಳ ಕೈ ಹಿಡಿದು ನೀರಿಗಿಳಿದೆ.

ಸೊಂಟದವರೆಗೆ ಅವಳೇ ನನ್ನನ್ನು ಕರೆದೊಯ್ದಳು. ಅಲ್ಲಿಯ ನೆಲದ ಕಲ್ಲು ಕಲ್ಲೂ ಅವಳಿಗೆ ಗೊತ್ತು. ಎದೆಮಟ್ಟಕ್ಕೆ ನೀರು ಬಂದಾಗ ಅವಳು ನನ್ನ ಮುಂಗೈಯನ್ನು ಬಿಗಿಯಾಗಿ ಹಿಡಿದಳು. ಇನ್ನೊಂದು ಕೈಯನ್ನು ಅವಳ ಬೆನ್ನಿನಡಿಗೆ ಕೊಟ್ಟೆ.

“ಈಗ ಕಾಲು ಎತ್ತು, ನಾಗವೇಣಿ,” ಎಂದೆ.